ಇಸ್ಪೀಟಾಟದಲ್ಲಿ ಕಾಲನಿರ್ಣಯ

ಇಸ್ಪೀಟಾಟವೆಂದೊಡನೆ ಹುಬ್ಬುಗಂಟಿಕ್ಕುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ರಕ್ತದೊತ್ತಡ, ಮಧುಮೇಹಗಳನ್ನು ಕುರಿತ ಲೇಖನಗಳ ನಡುವೆ ಈ ವಿಷಯಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ನಾನು ಹೇಳಹೊರಟಿರುವುದು ಹಣವಿಟ್ಟು ಆಡುವ ಜೂಜಿನ ಮಾತಲ್ಲ. ನಾಲ್ವರು ಕುಳಿತು, ಎದುರುಬದುರಿನವರು ಜೊತೆಗಾರರಾಗಿ ಆಡುವ ಆಟದಲ್ಲಿ ‘ಯಾವಾಗ’ ಎಂಬ ಒಂದು ಸಣ್ಣ ಪ್ರಶ್ನೆ ನಮ್ಮ ಮನೆಯ ನೆಮ್ಮದಿಯನ್ನು ಕೆಲವು ತಿಂಗಳು ಕದಡಿದ ವೃತ್ತಾಂತವಿದು.

ನನ್ನ ತಂದೆಯವರು ಮೂರು ದಶಕಗಳ ಕಾಲ ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್ ಗಾಡಿಯಲ್ಲಿ ಓಡಾಡಿದವರು. ನಾಲ್ವರ ಮೊಣಕಾಲುಗಳ ಮೇಲೊಂದು ಬ್ರೀಫ್‌ಕೇಸು, ಅದರ ಮೇಲೆ ಮೆಂಡಿಕೋಟ್ ಆಟ. ಮಹಾರಾಷ್ಟ್ರದಲ್ಲಿ ಮನೆಮಾತಾದ ಈ ಆಟದಲ್ಲಿ ನಾಲ್ಕು ‘ಹತ್ತು’ಗಳನ್ನು ಗೆಲ್ಲುವುದೇ ಗುರಿ. ಅದರಲ್ಲಿ ‘ಬಂದ್ ಹುಕುಂ’ ಎಂಬ ಪದ್ಧತಿಯುಂಟು. ತುರುಪಿನ ಎಲೆಯನ್ನು ಮೊದಲೇ ಬೋರಲಾಗಿ ಇಟ್ಟಿರುತ್ತಾರೆ. ಆಡುತ್ತಿರುವ ಜಾತಿಯ ಎಲೆ ಒಬ್ಬನ ಕೈಯಲ್ಲಿ ಮೊದಲ ಬಾರಿಗೆ ಇಲ್ಲದಾದಾಗ ಅದನ್ನು ತೆರೆಯುತ್ತಾರೆ. ತೆರೆಯಲೇಬೇಕೇ, ತೆರೆಸಿದವನು ತುರುಪನ್ನೇ ಹಾಕಬೇಕೇ ಎಂಬ ಜಗಳ ಠಾಣೆಯಲ್ಲಿ ಹುಟ್ಟಿ ದಾದರಿನಲ್ಲಿ ತಣ್ಣಗಾಗುತ್ತಿತ್ತು. ಇಳಿಯುವ ನಿಲ್ದಾಣ ಬಂದರೆ ವಾದ ಮುಗಿಯಲೇಬೇಕಷ್ಟೆ!

ನಿವೃತ್ತಿಯ ನಂತರ ಇಳಿಯುವ ನಿಲ್ದಾಣವಿರಲಿಲ್ಲ. ನಮ್ಮ ಕಟ್ಟಡದಲ್ಲಿ ಕಾಸರಗೋಡಿನ ಕಡೆಯ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಕೇರಳದಲ್ಲಿ ಬಹಳ ಬಳಕೆಯಲ್ಲಿರುವ ‘ಇಪ್ಪತ್ತೆಂಟು’ ಆಟವನ್ನು ನಮಗೆ ಕಲಿಸಿದವರು ಅವರೇ. ಏಳರಿಂದ ಎಕ್ಕದವರೆಗಿನ ೩೨ ಎಲೆಗಳು. ಗುಲಾಮನಿಗೆ ೩, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಗಳಿಂದ ಒಟ್ಟು ೨೮ ಅಂಕ. ರಾಜ ರಾಣಿಯರಿಗೆ ಬೆಲೆಯೇ ಇಲ್ಲ. ಮೊದಲ ನಾಲ್ಕು ಎಲೆ ನೋಡಿ ಕೂಗು; ಹೆಚ್ಚು ಕೂಗಿದವನು ತುರುಪನ್ನು ಮುಚ್ಚಿಡುತ್ತಾನೆ. ಆಡಿದ ಜಾತಿಯಿಲ್ಲದವನು ‘ತುರುಪು ತೋರಿಸಿ’ ಎನ್ನಬಹುದು. ಹಾಗೆ ಕೇಳಿದ ಮೇಲೆ ಕೈಯಲ್ಲಿದ್ದರೆ ತುರುಪನ್ನೇ ಹಾಕಬೇಕು. ತುರುಪಿನ ರಾಜ ರಾಣಿ ಇಬ್ಬರೂ ಒಬ್ಬನ ಕೈಯಲ್ಲಿದ್ದರೆ ‘ಜೋಡಿ’. ಕೂಗಿದ ಪಕ್ಷದವರು ತೋರಿಸಿದರೆ ಗುರಿ ೪ ಇಳಿಯುತ್ತದೆ. ಎದುರು ಪಕ್ಷದವರು ತೋರಿಸಿದರೆ ೪ ಏರುತ್ತದೆ. ಜೋಡಿಯನ್ನು ತೋರಿಸುವುದು ಯಾವಾಗ? ‘ತುರುಪು ತೆರೆದ ಮೇಲೆ’ ಎಂದು ಮೇಷ್ಟರು ಮೊದಲ ದಿನವೇ ಕಲಿಸಿದ್ದರು. ಅನರ್ಥವಿದ್ದುದು ಆ ‘ಮೇಲೆ’ಯಲ್ಲಿ.

ಒಂದು ಭಾನುವಾರ ತಂದೆಯವರು ೨೦ ಕೂಗಿದ್ದರು. ನಾನು ಮೇಷ್ಟರ ಜೊತೆಗಾರ. ಐದನೆಯ ಸುತ್ತಿನಲ್ಲಿ ಮೇಷ್ಟರು ತುರುಪನ್ನು ತೆರೆಸಿದರು. ಅವರ ಕೈಯಲ್ಲಿದ್ದ ತುರುಪುಗಳು ಎರಡೇ. ರಾಜ ಮತ್ತು ರಾಣಿ. ಒಂದನ್ನು ಹಾಕಲೇಬೇಕು, ಹಾಕಿದರೆ ಜೋಡಿ ಮುರಿಯುತ್ತದೆ. ಆದ್ದರಿಂದ ಎಲೆ ಹಾಕುವ ಮುನ್ನವೇ ಎರಡನ್ನೂ ಎತ್ತಿ ತೋರಿಸಿ, “ಜೋಡಿ!” ಎಂದರು. ತಂದೆಯವರು ಒಪ್ಪಲಿಲ್ಲ. “ತುರುಪು ತೆರೆದ ಮೇಲೆ ನಿಮ್ಮ ಪಕ್ಷ ಒಂದು ಸುತ್ತು ಗೆದ್ದಿರಬೇಕು ಮೇಷ್ಟರೇ, ಆಮೇಲಷ್ಟೇ ಜೋಡಿ,” ಎಂದರು. “ತೆರೆದ ಮೇಲೆ ಎಂದರೆ ತೆರೆದ ಮೇಲೆಯೇ ರಾಯರೇ! ತೆರೆದಾಗ ಎರಡೂ ನನ್ನ ಕೈಯಲ್ಲಿದ್ದವಲ್ಲ,” ಎಂದರು ಮೇಷ್ಟರು. ಆಟದ ಕೊನೆಗೆ ತಂದೆಯವರ ಪಕ್ಷಕ್ಕೆ ೨೨ ಅಂಕ. ಗುರಿ ೨೦ ಆಗಿದ್ದರೆ ಗೆಲುವು, ೨೪ ಆಗಿದ್ದರೆ ಸೋಲು. ಇಬ್ಬರೂ ನನ್ನ ಮುಖ ನೋಡಿದರು. ಜೊತೆಗಾರನ ಪರ ನಿಂತರೆ ತಂದೆಗೆ ಬೇಸರ, ತಂದೆಯ ಪರ ನಿಂತರೆ ಗುರುವಿಗೆ ದ್ರೋಹ, ನಾನು ಸುಮ್ಮನಿದ್ದೆ. ಆ ಮೌನಕ್ಕೆ ಇಂದಿಗೂ ನಾಚುತ್ತೇನೆ. ಮೇಷ್ಟರು ಚಪ್ಪಲಿ ಮೆಟ್ಟಿ ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ತಂದೆಯವರು ಕರೆಯಲೂ ಇಲ್ಲ. ವಾರಗಳು ತಿಂಗಳುಗಳಾದವು. ಮೇಷ್ಟರು ಎದುರಾದಾರೆಂಬ ಸಂಕೋಚದಿಂದ ತಂದೆಯವರ ಸಂಜೆಯ ನಡಿಗೆಯೂ ನಿಂತಿತು. ನಿದ್ದೆ ಕಡಿಮೆಯಾಯಿತು, ಊಟ ರುಚಿಸದಾಯಿತು. ನಮ್ಮ ವೈದ್ಯರು ರಕ್ತದೊತ್ತಡ ನೋಡಿ ಔಷಧದ ಚೀಟಿ ಬರೆಯುವ ಮುನ್ನ, “ಈಗ ಭಾನುವಾರ ಯಾರ ಜೊತೆ ಕೂರುತ್ತೀರಿ?” ಎಂದು ಕೇಳಿದರು. ತಂದೆಯವರಲ್ಲಿ ಉತ್ತರವಿರಲಿಲ್ಲ.

ಬ್ಯಾಂಕಿನವನಾದ ನನಗೆ ಕಾಲಸೂಚಕ ಪದಗಳ ತೊಡಕು ಹೊಸದೇನಲ್ಲ. ‘ಇಂಥ ದಿನದಿಂದ’ ಎಂದು ಬರೆದರೆ ಆ ದಿನ ಲೆಕ್ಕಕ್ಕೆ ಸೇರುವುದೇ? ೧೮೯೭ರ ಜನರಲ್ ಕ್ಲಾಸಸ್ ಕಾಯಿದೆಯ ೯ನೆಯ ವಿಧಿಯಂತೆ ಸೇರದು. ಹುಂಡಿಯ ವಾಯಿದೆ ರಜಾದಿನ ಬಿದ್ದರೆ? ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೨೫ನೆಯ ವಿಧಿಯಂತೆ ಅದರ ಹಿಂದಿನ ಕೆಲಸದ ದಿನವೇ ವಾಯಿದೆ. ಚೆಕ್ಕಿನ ಅವಧಿಯನ್ನು ೨೦೧೨ರ ಏಪ್ರಿಲ್ ೧ರಿಂದ ಆರು ತಿಂಗಳಿನಿಂದ ಮೂರಕ್ಕೆ ಇಳಿಸಿದಾಗಲೂ ರಿಸರ್ವ್ ಬ್ಯಾಂಕು ದಿನಾಂಕವನ್ನು ಮೊದಲೇ ಸಾರಿತ್ತು. ಬ್ರಿಜ್ ಆಟದಲ್ಲಿಯೂ ಹೀಗೆಯೇ. ಕೈಯಲ್ಲಿ ಜಾತಿಯ ಎಲೆಯಿದ್ದೂ ತಪ್ಪಿ ಬೇರೆ ಹಾಕಿದವನು, ತಾನಾಗಲಿ ತನ್ನ ಜೊತೆಗಾರನಾಗಲಿ ಮುಂದಿನ ಸುತ್ತಿಗೆ ಎಲೆಯಿಡುವ ಮುನ್ನ ಸಾಮಾನ್ಯವಾಗಿ ತಪ್ಪನ್ನು ತಿದ್ದಬಹುದು, ಇಟ್ಟ ಮೇಲೆ ತಪ್ಪು ಸ್ಥಿರವಾಗುತ್ತದೆ. ಗೆರೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ಬಾಯಿಂದ ಬಾಯಿಗೆ ಬಂದ ನಮ್ಮ ಇಪ್ಪತ್ತೆಂಟಕ್ಕೆ ಅಂಥ ಕಾಯಿದೆ ಪುಸ್ತಕವೆಲ್ಲಿದೆ? ಊರಿಗೊಂದು, ಕೆಲವೊಮ್ಮೆ ಮನೆಗೊಂದು ಪದ್ಧತಿ.

ದಾರಿ ತೋರಿದವಳು ಕಾಲೇಜಿಗೆ ಹೋಗುವ ನನ್ನ ಮಗಳು. ಅವಳು ತಂದಿದ್ದ ‘ಅರ್ಕಮ್ ಹಾರರ್’ ಎಂಬ ಅಮೆರಿಕದ ಇಸ್ಪೀಟಾಟ ೨೦೧೬ರಲ್ಲಿ ಹೊರಬಂದದ್ದು. ಅದರಲ್ಲಿ ಎದುರಾಳಿಗಳೇ ಇಲ್ಲ. ಆಡುವವರೆಲ್ಲ ಒಂದೇ ಪಕ್ಷ, ಎದುರಿಗಿರುವುದು ಎಲೆಗಳಲ್ಲಿ ಹೆಣೆದ ಸಂಕಟ. ಹಲವು ಎಲೆಗಳ ಮೇಲೆ ಅವನ್ನು ಬಳಸುವ ಕಾಲ ಅಚ್ಚಾಗಿದ್ದರೂ ಸಂದೇಹ ತಪ್ಪಿದ್ದಲ್ಲ. “ತಾತ, ಇಲ್ಲಿ ‘ವೆನ್’ ಬೇರೆ, ‘ಆಫ್ಟರ್’ ಬೇರೆ,” ಎಂದು ಅವಳು ವಿವರಿಸಿದಳು. ಪೆಟ್ಟು ಬರುತ್ತಿರುವಾಗ, ಅದು ತಾಗುವ ಮುನ್ನ ಬಳಸುವ ಎಲೆ ಮೊದಲನೆಯದು. ತಾಗಿ ಮುಗಿದೊಡನೆ ಬಳಸುವುದು ಎರಡನೆಯದು. ಅಡುಗೆಮನೆಯಿಂದ ನನ್ನ ತಾಯಿ, “ಹಾಲು ಉಕ್ಕುವಾಗ ಒಲೆ ಆರಿಸಬೇಕು, ಉಕ್ಕಿದ ಮೇಲೆ ಒರೆಸಬೇಕು, ಅಷ್ಟೇ ತಾನೇ?” ಎಂದರು. ಅದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ನನಗೆ ತಿಳಿಯದು.

“ಆದರೂ ಸಂದೇಹ ಉಳಿದರೆ?” ಎಂದು ತಂದೆಯವರು ಕೇಳಿದರು. ಅದಕ್ಕೂ ನಿಯಮ ಪುಸ್ತಕದಲ್ಲಿ ಉತ್ತರವಿತ್ತು. ಹೆಸರು ‘ಗ್ರಿಮ್ ರೂಲ್’. ಪುಸ್ತಕದಲ್ಲಿ ಪರಿಹಾರ ಸಿಗದಿದ್ದರೆ, ಆ ಕ್ಷಣದಲ್ಲಿ ನಮ್ಮ ಗೆಲುವಿಗೆ ಅತ್ಯಂತ ಪ್ರತಿಕೂಲವೆಂದು ತೋರುವ ಅರ್ಥವನ್ನೇ ಸ್ವೀಕರಿಸಿ ಮುಂದೆ ಆಡಬೇಕು. ಕರಾರುಪತ್ರದ ಮಾತು ಅಸ್ಪಷ್ಟವಾದರೆ ಅದನ್ನು ಬರೆದವನಿಗೆ ವಿರುದ್ಧವಾಗಿ ಅರ್ಥೈಸಬೇಕೆಂಬ ನ್ಯಾಯಸೂತ್ರವನ್ನು ನಾನು ವಾಣಿಜ್ಯ ತರಗತಿಯಲ್ಲಿ ಓದಿದ್ದೆ. ಸಂದೇಹದ ಲಾಭವನ್ನು ತಾನೇ ಬಿಟ್ಟುಕೊಡುವ ಈ ಸೂತ್ರ ಅದಕ್ಕಿಂತ ಉದಾರವಾದುದು. ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಸಂಜೆ ಅವರು ತಾವೇ ಮೇಷ್ಟರ ಬಾಗಿಲು ತಟ್ಟಿದರು. ಜೊತೆಗೆ ನಾನೂ ಇದ್ದೆ. “ಆ ದಿನದ ಆಟ ನಿಮ್ಮದೇ ಮೇಷ್ಟರೇ,” ಎಂದರು. “ಛೆ, ಇಲ್ಲ ರಾಯರೇ. ಜೋಡಿ ಮುರಿಯುವುದೆಂದು ಗೊತ್ತಿದ್ದೂ ತುರುಪು ಕೇಳಿದ್ದು ನನ್ನ ತಪ್ಪು, ಆಟ ನಿಮ್ಮದು,” ಎಂದರು ಮೇಷ್ಟರು. ಗೆಲುವನ್ನು ಒಬ್ಬರಿಗೊಬ್ಬರು ಒಪ್ಪಿಸುವ ಈ ಹೊಸ ಜಗಳ ಕಾಫಿ ಬರುವವರೆಗೂ ನಡೆಯಿತು. ನಾನೂ ಅಂದಿನ ನನ್ನ ಮೌನಕ್ಕೆ ಕ್ಷಮೆ ಕೇಳಿದೆ.

ಆ ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಮೇಷ್ಟರು ತಮ್ಮ ದುಂಡು ಅಕ್ಷರಗಳಲ್ಲಿ ಬರೆದುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇನೆ. ಒಂದು: ಎಲೆ ಹಂಚುವ ಮುನ್ನವೇ ಪದ್ಧತಿಯನ್ನು ಬಾಯಿಬಿಟ್ಟು ಹೇಳಿ ಒಪ್ಪಬೇಕು. ಎರಡು: ‘ಮೇಲೆ’ ಎಂದರೆ ಯಾವುದರ ಮೇಲೆ ಎಂದು ಬಿಡಿಸಿ ಹೇಳಬೇಕು, ನಮ್ಮಲ್ಲಿ ಜೋಡಿ, ತುರುಪು ತೆರೆದು ಒಂದು ಸುತ್ತು ಗೆದ್ದ ಮೇಲೆ. ಮೂರು: ನಡುವೆ ಸಂದೇಹ ಬಂದರೆ ಅದರಿಂದ ಯಾರಿಗೆ ಲಾಭವೋ ಅವರೇ ಬಿಟ್ಟುಕೊಡಬೇಕು. ನಾಲ್ಕು: ನಿಯಮದ ತಿದ್ದುಪಡಿ ಮುಂದಿನ ಆಟದಿಂದಷ್ಟೇ ಜಾರಿಗೆ.

ಈಗ ಭಾನುವಾರದ ಆಟ ಮತ್ತೆ ನಡೆಯುತ್ತಿದೆ. ತಂದೆಯವರು ಸಂಜೆ ಮೇಷ್ಟರ ಜೊತೆಗೇ ನಡೆಯಲು ಹೋಗುತ್ತಾರೆ. ಔಷಧದ ಚೀಟಿ ಹಾಗೆಯೇ ಇದೆ, ಅದನ್ನು ನಿಲ್ಲಿಸುವ ಮಾತಿಲ್ಲ. ಆದರೆ ವೈದ್ಯರ ಆ ಪ್ರಶ್ನೆಗೆ ಅವರಲ್ಲೀಗ ಉತ್ತರವಿದೆ.