ಮನೆಯಲ್ಲಿ ಸಾಬೂನು: ಎಣ್ಣೆ, ಕಾಸ್ಟಿಕ್ ಸೋಡ ಮತ್ತು ತಕ್ಕಡಿ



ಜಿಡ್ಡು ಹಿಡಿದ ಬಾಣಲೆಯನ್ನು ಒಲೆಯ ಬೂದಿ ಹಾಕಿ ಉಜ್ಜುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಬೂದಿಯ ಕೆಲಸ ಬರೀ ತಿಕ್ಕುವುದಲ್ಲ. ಅದರಲ್ಲಿ ಪೊಟಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ನೀರು ತಗುಲಿದೊಡನೆ ಅದು ಹಳೆಯ ಜಿಡ್ಡಿನಲ್ಲಿರುವ ಆಮ್ಲದೊಡನೆ ಸೇರಿ ಅಲ್ಲೇ ಒಂದಿಷ್ಟು ಸಾಬೂನನ್ನು ಉಂಟುಮಾಡುತ್ತದೆ. ಅಗಸರು ಬಟ್ಟೆ ಒಗೆಯಲು ಸವಳು ಮಣ್ಣನ್ನು ಬಳಸುತ್ತಿದ್ದುದಕ್ಕೂ ಇಂಥದೇ ಕಾರಣ. ಆ ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಸೀಗೆಕಾಯಿ, ಅಂಟುವಾಳಕಾಯಿಗಳ ನೊರೆ ಮಾತ್ರ ಬೇರೆ ಬಗೆಯದು. ಅದು ಗಿಡದಲ್ಲೇ ಹುಟ್ಟುವ ಸಪೋನಿನ್ ಎಂಬ ವಸ್ತುವಿನಿಂದ ಬರುತ್ತದೆ. ಅದು ಸಾಬೂನಲ್ಲ.

ಕೊಬ್ಬು ಮತ್ತು ಕ್ಷಾರ ಸೇರಿದರೆ ಮಾತ್ರ ಸಾಬೂನು. ಈಚೆಗೆ ಅಂಗಡಿಗಳಲ್ಲಿ, ಜಾಹೀರಾತುಗಳಲ್ಲಿ ‘ರಾಸಾಯನಿಕವೇ ಇಲ್ಲದ ಕೈತಯಾರಿಕೆಯ ಸಾಬೂನು’ ಎಂಬ ಮಾತು ಬಹಳ ಕೇಳಿಬರುತ್ತಿದೆ. ಅದನ್ನು ನಂಬಬೇಡಿ. ಕರಗಿಸಿ ಅಚ್ಚಿಗೆ ಹೊಯ್ಯಲು ಸಿಗುವ ಸಿದ್ಧ ಸಾಬೂನು ಗಟ್ಟಿಯ ಹಿಂದೆಯೂ ಯಾರೋ ಒಬ್ಬರು ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಬಳಸಿಯೇ ಇರುತ್ತಾರೆ. ಚರ್ಮವನ್ನು ಸುಡುವ ಆ ವಸ್ತು ಚರ್ಮವನ್ನು ತೊಳೆಯುವ ವಸ್ತುವಾಗಿ ಮಾರ್ಪಡುವುದು ಹೇಗೆ, ಎಲ್ಲಿ ತಪ್ಪಿದರೆ ಮಾರ್ಪಡದೆ ಉಳಿದುಬಿಡುತ್ತದೆ ಎಂಬುದೇ ನಾವು ಮುಖ್ಯವಾಗಿ ತಿಳಿಯಬೇಕಾದ ವಿಷಯ.

ಎಣ್ಣೆಯ ಒಂದು ಅಣುವಿನಲ್ಲಿ ಗ್ಲಿಸರಿನ್‌ಗೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳಿರುತ್ತವೆ. ಕಾಸ್ಟಿಕ್ ಸೋಡದ ಮೂರು ಅಣುಗಳು ಬಂದು ಈ ಮೂರನ್ನೂ ಬಿಡಿಸಿಕೊಂಡು ತಾವು ಸೇರಿಕೊಳ್ಳುತ್ತವೆ. ಆಗ ಮೂರು ಅಣು ಸಾಬೂನು, ಒಂದು ಅಣು ಗ್ಲಿಸರಿನ್ ಆಗುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೆಲ್ ಕೊಬ್ಬುಗಳ ಈ ಒಳರಚನೆಯನ್ನು ವಿವರಿಸಿದ ಗ್ರಂಥ ಪ್ರಕಟವಾದದ್ದು 1823ರಲ್ಲಿ. ಅದಕ್ಕೆ ಮೊದಲೂ ಜನ ಶತಮಾನಗಳ ಕಾಲ ಸಾಬೂನು ಕಾಯಿಸಿದ್ದರು, ಆದರೆ ಅಂದಾಜಿನ ಮೇಲೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡ ಬೇಕು. ಕಡಲೆಕಾಯಿ ಎಣ್ಣೆಗೆ 0.136 ಸಾಕು. ಹರಳೆಣ್ಣೆಗೆ 0.128. ಏಕೆ ಈ ವ್ಯತ್ಯಾಸ? ಕೊಬ್ಬರಿ ಎಣ್ಣೆಯ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧಪಾಲು 12 ಇಂಗಾಲಗಳ ಲಾರಿಕ್ ಆಮ್ಲ. ಕಡಲೆಕಾಯಿ, ಹರಳೆಣ್ಣೆಗಳದ್ದು ಬಹುಪಾಲು 18 ಇಂಗಾಲಗಳ ಉದ್ದದ ಸರಪಳಿ. ಅಣು ಚಿಕ್ಕದಾದರೆ ಒಂದು ಗ್ರಾಂನಲ್ಲಿ ಹೆಚ್ಚು ಅಣುಗಳಿರುತ್ತವೆ, ಪ್ರತಿಯೊಂದಕ್ಕೂ ಮೂರು ಮೂರು ಸೋಡ ಬೇಕೇ ಬೇಕು. ಒಂದು ಚೀಲದಲ್ಲಿ ಗೋಲಿಗುಂಡು ತುಂಬುವುದಕ್ಕೂ ನಿಂಬೆಹಣ್ಣು ತುಂಬುವುದಕ್ಕೂ ಇರುವಷ್ಟೇ ವ್ಯತ್ಯಾಸ!

ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. 500 ಗ್ರಾಂ ಕೊಬ್ಬರಿ ಎಣ್ಣೆಗೆಂದು 87 ಗ್ರಾಂ ಸೋಡ ತೂಗಿಟ್ಟಿದ್ದೀರಿ ಎನ್ನಿ. ಎಣ್ಣೆ ಸಾಲದೆ, ‘ಯಾವುದಾದರೇನು’ ಎಂದು ಅಷ್ಟೇ ತೂಕದ ಕಡಲೆಕಾಯಿ ಎಣ್ಣೆ ಸುರಿದರೆ, ಆ ಎಣ್ಣೆ ಹಿಡಿದುಕೊಳ್ಳುವುದು 68 ಗ್ರಾಂ ಮಾತ್ರ. ಉಳಿದ 19 ಗ್ರಾಂ ಕಾಸ್ಟಿಕ್ ಸೋಡ ಬಿಲ್ಲೆಯೊಳಗೆ ಹಾಗೆಯೇ ಕುಳಿತಿರುತ್ತದೆ. ನೋಡುವುದಕ್ಕೆ ಅದೂ ಬೆಳ್ಳಗಿನ ಸಾಬೂನೇ.

ಆದುದರಿಂದ ಲೋಟ, ಚಮಚಗಳ ಅಳತೆ ಇಲ್ಲಿ ನಡೆಯುವುದಿಲ್ಲ. ಸಾರಿಗೆ ಉಪ್ಪು ಹಾಕುವ ಕಣ್ಣಳತೆಯಂತೂ ಖಂಡಿತ ಬೇಡ. ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಸಿಗದಿದ್ದರೆ ಸಿಗುವವರೆಗೆ ಕಾಯಿರಿ. ನೀರನ್ನೂ ತೂಗಿಯೇ ಹಾಕಬೇಕು. ಪರದೆಯ ಮೇಲೆ ಅಂಕಿಗಳು ಬಂದು ಸರಿದುಹೋಗುತ್ತವೆ, ಬರೆದುಕೊಳ್ಳಲು ಸಮಯ ಸಾಲದು. ಅದಕ್ಕಾಗಿ ಪ್ರಮಾಣವನ್ನು ಇಲ್ಲಿ ಕೊಟ್ಟಿದೆ:

ಕೊಬ್ಬರಿ ಎಣ್ಣೆ 300 ಗ್ರಾಂ, ಕಡಲೆಕಾಯಿ ಎಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ನೀರು 190 ಗ್ರಾಂ, ಕಾಸ್ಟಿಕ್ ಸೋಡ 77 ಗ್ರಾಂ.

ಈ 77 ಎಲ್ಲಿಂದ ಬಂತು? ಮೂರೂ ಎಣ್ಣೆಗಳ ಲೆಕ್ಕ ಕೂಡಿಸಿ ನೋಡಿ: 54.9, 20.4 ಮತ್ತು 6.4, ಒಟ್ಟು 81.7. ಇದರಲ್ಲಿ ನೂರಕ್ಕೆ ಐದರಷ್ಟನ್ನು ಬೇಕೆಂದೇ ಕಡಿಮೆ ಮಾಡಿದೆ. ಸ್ವಲ್ಪ ಎಣ್ಣೆ ಉಳಿದರೆ ಚರ್ಮಕ್ಕೆ ಹಿತ, ಸ್ವಲ್ಪ ಸೋಡ ಉಳಿದರೆ ಅಪಾಯ. ಕೊಬ್ಬರಿ ಎಣ್ಣೆ ನೊರೆಯನ್ನೂ ಗಟ್ಟಿತನವನ್ನೂ ಕೊಡುತ್ತದೆ. ಅದೊಂದೇ ಆದರೆ ಮೈ ಬಿರುಸಾಗುತ್ತದೆ, ಅದಕ್ಕೇ ಕಡಲೆಕಾಯಿ ಎಣ್ಣೆ. ಹರಳೆಣ್ಣೆ ನೊರೆ ಬೇಗ ಇಳಿಯದಂತೆ ಹಿಡಿದಿಡುತ್ತದೆ.

ಕಾಸ್ಟಿಕ್ ಸೋಡವನ್ನು ಪ್ರಯೋಗಶಾಲೆಯ ಸಾಮಗ್ರಿ ಮಾರುವ ಅಂಗಡಿಯಿಂದ ತನ್ನಿ. ಬಚ್ಚಲ ಕೊಳವೆ ಬಿಡಿಸಲು ಮಾರುವ ಪುಡಿಯಲ್ಲಿ ಬೇರೆ ವಸ್ತುಗಳೂ ಬೆರೆತಿರಬಹುದು. ಅಡುಗೆ ಸೋಡ, ಬಟ್ಟೆ ಸೋಡ ಇವುಗಳಿಂದ ಈ ಕೆಲಸ ಆಗದು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಗಾಳಿಯ ತೇವವನ್ನು ಅದು ಬಹಳ ಬೇಗ ಹೀರುತ್ತದೆ.

ಪಾತ್ರೆ ಸ್ಟೀಲಿನದೇ ಆಗಬೇಕು. ನಮ್ಮ ಅಡುಗೆಮನೆಗಳಲ್ಲಿ ಅಲ್ಯೂಮಿನಿಯಂ ಪಾತ್ರೆ ಹೇರಳ, ಅದನ್ನು ಮುಟ್ಟಲೇಬೇಡಿ. ಕಾಸ್ಟಿಕ್ ಸೋಡ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬೆಂಕಿ ಹತ್ತುವ ಜಲಜನಕ ಅನಿಲ ಹೊರಡುತ್ತದೆ. ಸ್ಟೀಲ್ ಸೌಟು, ಬಲವಾದ ಪ್ಲಾಸ್ಟಿಕ್ ಜಗ್ಗು, ಅಚ್ಚಿಗೆ ಬೆಣ್ಣೆ ಕಾಗದ ಹಾಸಿದ ರಟ್ಟಿನ ಡಬ್ಬಿ ಇದ್ದರೆ ಆಯಿತು. ಇವು ಮತ್ತೆ ಅಡುಗೆಗೆ ಹೋಗಬಾರದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಪ್ರಯೋಗಶಾಲೆಯ ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಶುರು ಮಾಡಬೇಡಿ. ಶಾಲಾ ವಿದ್ಯಾರ್ಥಿಗಳು ಅಧ್ಯಾಪಕರೋ ಮನೆಯ ಹಿರಿಯರೋ ಪಕ್ಕದಲ್ಲಿದ್ದಾಗ ಮಾತ್ರ ಮಾಡಿರಿ. ಸಣ್ಣ ಮಕ್ಕಳು ಹತ್ತಿರ ಸುಳಿಯಬಾರದು.

ತಣ್ಣನೆಯ ನೀರಿಗೆ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಕಿ. ಸೋಡದ ಮೇಲೆ ನೀರು ಎಂದಿಗೂ ಸುರಿಯಬಾರದು. ಥಟ್ಟನೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಮಾಡಿದರೂ ದ್ರಾವಣ ಕೈ ಇಡಲಾಗದಷ್ಟು ಬಿಸಿಯೇರುತ್ತದೆ, ಆವಿ ಗಂಟಲನ್ನು ಕೆರೆಯುತ್ತದೆ. ಕಿಟಕಿ ತೆರೆದಿರಲಿ. ಹನಿಯೊಂದು ಮೈಮೇಲೆ ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ನಿಂಬೆರಸ, ವಿನಿಗರ್ ಹಚ್ಚುತ್ತ ಹೊತ್ತು ಕಳೆಯಬೇಡಿ. ಕಣ್ಣಿಗೆ ಬಿದ್ದರೆ ಹಾಗೆಯೇ ಬಹಳ ಹೊತ್ತು ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದ್ರಾವಣ ಉಗುರುಬೆಚ್ಚಗಾಗುವವರೆಗೆ, ಅಂದರೆ ಸುಮಾರು 40 ಡಿಗ್ರಿಗೆ ಇಳಿಯುವವರೆಗೆ ಬಿಡಿ. ಕೈ ಅದ್ದಿ ನೋಡುವ ಹಾಗಿಲ್ಲ, ಉಷ್ಣಮಾಪಕವೇ ಬೇಕು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಮೊದಲೇ ಕರಗಿಸಿಟ್ಟುಕೊಳ್ಳಿ. ಎಣ್ಣೆಗೆ ದ್ರಾವಣವನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ಒಂದೇ ಸಮನೆ ಕಲಕಬೇಕು. ಕೈಯಲ್ಲಾದರೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೊದಲು ಎಣ್ಣೆ ಮಿನುಗುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಮೇಲೆ ಎಳೆದ ಗೆರೆ ಒಂದು ಕ್ಷಣ ಹಾಗೆಯೇ ನಿಂತರೆ ಅಚ್ಚಿಗೆ ಹೊಯ್ಯಬಹುದು.

ಬಣ್ಣ, ಪರಿಮಳ ಬೇಕಾದವರು ಈ ಹದದಲ್ಲೇ ಸೇರಿಸಬೇಕು. ಅರಿಸಿನ ಹಾಕಿದವರಿಗೆ ಒಂದು ಸೊಗಸು ಕಾದಿದೆ: ಹಳದಿ ಕ್ಷಣದಲ್ಲಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದೂ ಇದೇ ಪ್ರಯೋಗ. ಬೇವಿನ ಸೊಪ್ಪಿನ ಹಸಿರು ಕಂದಾಗುತ್ತದೆ, ತಡೆಯಲಾಗದು. ಮಜ್ಜಿಗೆ ಹುಲ್ಲಿನ ಎಣ್ಣೆ 10 ಗ್ರಾಂ ಸಾಕು. ಶ್ರೀಗಂಧದ ಎಣ್ಣೆ ಮನೆಯ ಪ್ರಯೋಗಕ್ಕೆ ತೀರ ದುಬಾರಿ. 1914ರ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಮೈಸೂರು ಸಂಸ್ಥಾನದಲ್ಲೇ ಉಳಿದುದರಿಂದ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಆ ಎಣ್ಣೆಯನ್ನು ಸಾಬೂನಿಗೆ ಸೇರಿಸುವ ಯೋಚನೆಯಿಂದ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿತು.

ಅಚ್ಚಿನಲ್ಲಿ ಒಂದು ದಿನ ಬಿಟ್ಟು, ಗವಸು ಹಾಕಿಕೊಂಡೇ ಬಿಲ್ಲೆಗಳಾಗಿ ಕತ್ತರಿಸಿ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಇಡಬೇಕು. ಮೊದಲ ಕೆಲವು ದಿನಗಳಲ್ಲೇ ಕ್ರಿಯೆ ಬಹುಮಟ್ಟಿಗೆ ಮುಗಿಯುತ್ತದೆ, ಉಳಿದ ದಿನಗಳಲ್ಲಿ ನೀರು ಆರಿ ಬಿಲ್ಲೆ ಗಟ್ಟಿಯಾಗುತ್ತದೆ. ಆತುರಪಟ್ಟು ಬಳಸಿದ ಬಿಲ್ಲೆ ವಾರದೊಳಗೆ ಕರಗಿಹೋಗುತ್ತದೆ. ಬಳಸುವ ಮುನ್ನ ಒದ್ದೆ ನೊರೆಗೆ ಪಿಎಚ್ ಕಾಗದ ತಾಗಿಸಿ. 9 ಅಥವಾ 10 ತೋರಿಸಿದರೆ ಸರಿ, ಸಾಬೂನಿನ ಸ್ವಭಾವವೇ ಅದು. 12 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮೈಗೆ ಮಾತ್ರವಲ್ಲ, ಬರಿಗೈಯಲ್ಲಿ ಬಟ್ಟೆ ಒಗೆಯಲೂ ಅದು ಬೇಡ.

ಕೊಳವೆಬಾವಿಯ ಗಡುಸು ನೀರಿರುವ ಊರಿನವರಿಗೆ ನೊರೆ ಕಡಿಮೆ ಬರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನನ್ನು ಹಿಡಿದು ಬಿಳಿ ಚೂರುಗಳಾಗಿ ಬೇರ್ಪಡಿಸುತ್ತವೆ. ಅದೇ ಬಿಲ್ಲೆಯನ್ನು ಮಳೆನೀರಿನಲ್ಲಿ ಉಜ್ಜಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಇನ್ನು, ಒಣಗುವಾಗ ಬಿಲ್ಲೆಯ ಮೇಲೆ ತೆಳ್ಳಗೆ ಬೂದಿಯಂಥ ಪುಡಿ ಕಾಣಿಸಿಕೊಂಡರೆ ಗಾಬರಿ ಬೇಡ. ಕ್ರಿಯೆ ಮುಗಿಯುವ ಮೊದಲು ಮೇಲ್ಭಾಗದ ಕಾಸ್ಟಿಕ್ ಸೋಡ ಗಾಳಿಯ ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿ ಆದ ಸೋಡಿಯಂ ಕಾರ್ಬೊನೇಟ್ ಅದು, ಅಗಸರ ಸವಳು ಮಣ್ಣಿನಲ್ಲಿದ್ದ ವಸ್ತುವೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.