ತುಂಬಿದ ವಿಮಾನವೂ ನಷ್ಟಕ್ಕೆ ಹಾರುವುದು ಹೇಗೆ?

ವಿಮಾನ ಕಂಪನಿಯೊಂದು ವಿದೇಶಿ ಮಾರ್ಗವನ್ನು ಕೈಬಿಟ್ಟ ಸುದ್ದಿ ಬಂದರೆ ‘ಜನ ಇರಲಿಲ್ಲವೇನೋ’ ಎಂದುಕೊಂಡು ಪುಟ ತಿರುಗಿಸುತ್ತೇವೆ. ಜನವಿಲ್ಲದೆ ನಿಂತ ಮಾರ್ಗಗಳೂ ಬೇಕಾದಷ್ಟಿವೆ. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಟಿಕೆಟ್ಟಿಗೆ ಬೇಡಿಕೆಯಿದ್ದೂ ನಿಂತುಹೋದ ಮಾರ್ಗಗಳೇ ನಿಜವಾಗಿ ತಲೆ ಕೆಡಿಸುವಂಥವು. ಅವುಗಳ ಕಾರಣ ಹುಡುಕಬೇಕಾದರೆ ವಿಮಾನ ಎಂಬ ಯಂತ್ರದ ಹೊಟ್ಟೆಯೊಳಕ್ಕೇ ಇಳಿಯಬೇಕು.

2004ರಲ್ಲಿ ಸಿಂಗಪುರ ಏರ್‌ಲೈನ್ಸ್ ತನ್ನೂರಿನಿಂದ ನ್ಯೂಯಾರ್ಕಿನ ಮಗ್ಗುಲಿನ ನೆವಾರ್ಕ್‌ಗೆ ಎಲ್ಲೂ ನಿಲ್ಲದ ವಿಮಾನ ಶುರುಮಾಡಿತು. ಸುಮಾರು 15,300 ಕಿ.ಮೀ. ದೂರ, ಹದಿನೆಂಟು ಗಂಟೆ ಮೀರಿದ ಹಾರಾಟ. ಆಗ ಜಗತ್ತಿನಲ್ಲಿ ಅಷ್ಟು ದೂರ ನೇರವಾಗಿ ಹೋಗುವ ಇನ್ನೊಂದು ಪ್ರಯಾಣಿಕ ಮಾರ್ಗ ಇರಲಿಲ್ಲ. ವಿಮಾನ ಏರ್‌ಬಸ್ ಎ340-500, ನಾಲ್ಕು ಎಂಜಿನ್. 2008ರಲ್ಲಿ ಕಂಪನಿ ಒಳಗಿನ ಸೀಟುಗಳನ್ನೆಲ್ಲ ಕಿತ್ತು ಬರೀ 100 ಬಿಸಿನೆಸ್ ಕ್ಲಾಸ್ ಸೀಟು ಹಾಕಿತು. ಅದೇ ವರ್ಷ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಆ ಎರಡು ನಗರಗಳ ನಡುವೆ ಓಡಾಡುವ ಬ್ಯಾಂಕಿಂಗ್ ಮಂದಿಗೇನೂ ಬರವಿರಲಿಲ್ಲ. ಆದರೂ 2013ರ ನವೆಂಬರ್‌ನಲ್ಲಿ ಸೇವೆ ನಿಂತಿತು. ಬ್ಯಾಂಕಾಕಿನಿಂದ ನ್ಯೂಯಾರ್ಕ್‌ಗೆ ಇದೇ ಜಾತಿಯ ವಿಮಾನ ಹಾರಿಸಿದ್ದ ಥಾಯ್ ಏರ್‌ವೇಸ್ ಮೂರೇ ವರ್ಷಕ್ಕೆ, 2008ರಲ್ಲೇ, ಕೈಚೆಲ್ಲಿತ್ತು.

ಇದರ ಲೆಕ್ಕ ಅರ್ಥವಾಗಬೇಕಾದರೆ ಹಳೆಯ ಕಾಲದ ಜಾತ್ರೆಯ ಗಾಡಿಯನ್ನು ನೆನೆಯಿರಿ. ಪಕ್ಕದೂರಿಗಾದರೆ ಗಾಡಿಯ ತುಂಬ ಜನ. ಎಂಟು ದಿನದ ದಾರಿಯಾದರೆ ಎತ್ತುಗಳಿಗೆ ಬೇಕಾದ ಹುಲ್ಲನ್ನೂ ಅದೇ ಗಾಡಿಗೆ ಹೇರಬೇಕು. ಹುಲ್ಲಿನ ಭಾರಕ್ಕೆ ಎತ್ತು ಹೆಚ್ಚು ದಣಿಯುತ್ತದೆ, ದಣಿದದ್ದಕ್ಕೆ ಇನ್ನಷ್ಟು ಮೇವು ಬೇಕು, ಆ ಮೇವೂ ಗಾಡಿಯ ಮೇಲೇ. ವಿಮಾನದಲ್ಲೂ ಹಾಗೆಯೇ: ಒಂದು ಟನ್ ಹೆಚ್ಚುವರಿ ತೂಕವನ್ನು ಒಂದು ಗಂಟೆ ಹೊತ್ತು ಹಾರಲು ಅದರ ಶೇ 3ರ ಆಸುಪಾಸಿನಷ್ಟು ಇಂಧನ ಸುಡಬೇಕು. ಹದಿನಾರು ಗಂಟೆಯ ಹಾದಿಯ ಕೊನೆಯಲ್ಲಿ ಒಂದು ಟನ್ ಇಂಧನ ಟ್ಯಾಂಕಿನಲ್ಲಿ ಉಳಿದಿರಬೇಕೆಂದು ಹೊರಡುವಾಗಲೇ ತುಂಬಿದರೆ, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅದನ್ನು ಹೊರುವುದಕ್ಕೇ ಖರ್ಚಾಗಿಹೋಗುತ್ತದೆ. ಹಾಗಾಗಿ ಹದಿನಾರು ಗಂಟೆಯ ಒಂದೇ ಹಾರಾಟಕ್ಕೆ, ನಡುವೆ ಇಳಿದು ಏರುವ ಎರಡು ಎಂಟು ಗಂಟೆಯ ಹಾರಾಟಗಳಿಗಿಂತ ಹೆಚ್ಚು ಇಂಧನ ಬೇಕಾಗಬಹುದು. ದುಬೈ, ದೋಹಾಗಳಲ್ಲಿ ಇಳಿಸಿ ಹತ್ತಿಸುವ ಕಂಪನಿಗಳ ವ್ಯಾಪಾರಕ್ಕೆ ಈ ಭೌತಶಾಸ್ತ್ರವೂ ಸದ್ದಿಲ್ಲದೆ ನೆರವಾಗುತ್ತದೆ. ನೇರ ವಿಮಾನದವನು ಆ ಹೆಚ್ಚುವರಿ ಖರ್ಚನ್ನು ಟಿಕೆಟ್ ದರದಲ್ಲೇ ಹುಟ್ಟಿಸಿಕೊಳ್ಳಬೇಕು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗವನ್ನೇ ತೆಗೆದುಕೊಳ್ಳಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದ ಏರ್ ಇಂಡಿಯಾದ ಮೊದಲ ವಿಮಾನವನ್ನು ಅಲ್ಲಿಂದ ಇಲ್ಲಿಗೆ ತಂದಿಳಿಸಿತು. ಹಾದಿ ಸುಮಾರು 14,000 ಕಿ.ಮೀ. ವಿಮಾನ ಬೋಯಿಂಗ್ 777-200ಎಲ್‌ಆರ್. ಈ ಯಂತ್ರದ ಖಾಲಿ ತೂಕ ಹತ್ತಿರ ಹತ್ತಿರ 145 ಟನ್. ಅದರ ಟ್ಯಾಂಕುಗಳು 1,81,000 ಲೀಟರ್ ಹಿಡಿಯುತ್ತವೆ. ತೂಗಿದರೆ ಅದೂ ಸುಮಾರು 145 ಟನ್! ನೆಲ ಬಿಡುವಾಗ ಒಟ್ಟು ತೂಕ 347 ಟನ್ ಮೀರಬಾರದು. ಟ್ಯಾಂಕು ತುಂಬಿಸಿದರೆ ಜನ, ಊಟ, ಲಗೇಜು, ಸರಕು ಎಲ್ಲಕ್ಕೂ ಉಳಿಯುವುದು 57 ಟನ್.

ಅದೂ ಕಾಗದದ ಮೇಲಿನ ಮಾತು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕಡಲ ತೀರಕ್ಕಿಂತ ಶೇ 8ರಷ್ಟು ಕಡಿಮೆ. ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ, ಎಂಜಿನ್ ಒಳಗೆಳೆಯುವ ಗಾಳಿಯೂ ಕಡಿಮೆ. ಬಿಸಿಲೇರಿದರೆ ಇನ್ನೂ ತೆಳು. ನಾಲ್ಕು ಕಿ.ಮೀ. ಉದ್ದದ ರನ್‌ವೇ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ, ಪೂರ್ತಿ ಅಲ್ಲ. ತೂಕ ಇಳಿಸಲೇಬೇಕಾಗಿ ಬಂದಾಗ ಇಂಧನಕ್ಕೆ ಕೈಹಾಕುವಂತಿಲ್ಲ. ಮೊದಲು ಸರಕು ಇಳಿಯುತ್ತದೆ, ಆಮೇಲೆ ಸೀಟು ಖಾಲಿ ಬಿಡಬೇಕಾಗುತ್ತದೆ. ಊರಿನ ಹವೆ ತಂಪು ಎಂದು ಹೊಗಳುವ ನಾವು ಆ ಎತ್ತರದ ಬೆಲೆಯನ್ನು ಇಲ್ಲಿ ತೆರುತ್ತೇವೆ.

ತೂಕದಷ್ಟೇ ಬಿಗಿಯಾದ ಇನ್ನೊಂದು ಲೆಕ್ಕ ಗಡಿಯಾರದ್ದು. ಪ್ರಯಾಣಿಕರು ಇದನ್ನು ಗಮನಿಸುವುದೇ ಇಲ್ಲ. ಫಿನ್‌ಲೆಂಡಿನ ಫಿನ್‌ಏರ್ ಕಂಪನಿಯ ಪಾಡನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಹೆಲ್ಸಿಂಕಿಯಿಂದ ರಷ್ಯಾದ ಮೇಲೆ ಹಾದರೆ ಟೋಕಿಯೊಗೆ ಸುಮಾರು ಒಂಬತ್ತೂವರೆ ಗಂಟೆ. ಹೋಗಿ ಬರಲು ಹತ್ತೊಂಬತ್ತು. ಎರಡೂ ಕಡೆ ಜನರನ್ನಿಳಿಸಿ, ಗುಡಿಸಿ, ಇಂಧನ ತುಂಬಿಸಲು ಐದು. ಅಲ್ಲಿಗೆ ಸರಿಯಾಗಿ ಇಪ್ಪತ್ನಾಲ್ಕು ಗಂಟೆ, ಅಂದರೆ ಒಂದೇ ವಿಮಾನದಲ್ಲಿ ದಿನಕ್ಕೊಂದು ಸೇವೆ. ಕಂಪನಿ ತನ್ನ ಏಷ್ಯಾ ವ್ಯಾಪಾರವನ್ನು ಕಟ್ಟಿದ್ದೇ ಈ ಭೌಗೋಳಿಕ ಅದೃಷ್ಟದ ಮೇಲೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪಿನ ಕಂಪನಿಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಟೋಕಿಯೊ ಹಾದಿ ಉತ್ತರ ಧ್ರುವವನ್ನೋ ದಕ್ಷಿಣದ ದೇಶಗಳನ್ನೋ ಬಳಸಿಕೊಂಡು ಹದಿಮೂರು ಗಂಟೆಗೆ ಏರಿತು. ಹೋಗಿ ಬರಲು ಈಗ ಇಪ್ಪತ್ತಾರು ಗಂಟೆ. ದಿನದ ಮಿತಿ ಹಾರಾಟದಲ್ಲೇ ದಾಟಿತು, ಒಂದು ವಿಮಾನದ ಕೆಲಸಕ್ಕೆ ಎರಡು ಬೇಕಾದವು, ಪೈಲಟ್‌ಗಳೂ ಹೆಚ್ಚು ಬೇಕಾದರು. ಸೀಟುಗಳ ಸಂಖ್ಯೆ ಮಾತ್ರ ಒಂದೂ ಹೆಚ್ಚಲಿಲ್ಲ.

ಧ್ರುವ ದಾಟಿದ ಪ್ರಯಾಣಿಕರಿಗೆ ಕಂಪನಿ ಪ್ರಮಾಣಪತ್ರ ಹಂಚಿತು. ನಷ್ಟದಲ್ಲೂ ನಗುವ ಕಲೆ ಎಂದರೆ ಅದು. 1983ರಲ್ಲಿ, ಸೋವಿಯತ್ ಆಕಾಶ ಮುಚ್ಚಿದ್ದಾಗ, ಇದೇ ಫಿನ್‌ಏರ್ ಡಿಸಿ-10 ವಿಮಾನವನ್ನು ಧ್ರುವದ ಮೇಲಿನಿಂದಲೇ ಟೋಕಿಯೊಗೆ ಹಾರಿಸಿತ್ತು. ಸುಮಾರು ನಲವತ್ತು ವರ್ಷದ ನಂತರ ಮತ್ತೆ ಅದೇ ಹಾದಿ. ಮುಂದೆ ಕಂಪನಿ ತನ್ನ ಎರಡು ಎ330 ವಿಮಾನಗಳನ್ನು ಸಿಬ್ಬಂದಿ ಸಮೇತ ಆಸ್ಟ್ರೇಲಿಯಾದ ಕ್ವಾಂಟಾಸ್‌ಗೆ ಬಾಡಿಗೆಗೆ ಕೊಟ್ಟಿತು. ವಿಮಾನದ ಕಂತು ಹಾರಿದರೂ ಕಟ್ಟಬೇಕು, ನಿಂತರೂ ಕಟ್ಟಬೇಕು. ದುಡಿಯಲು ಬೇರೆ ಆಕಾಶ ಸಿಕ್ಕರೆ ಅಲ್ಲಿಗೇ ಕಳಿಸುವುದು ಜಾಣತನ.

ಮುಚ್ಚಿದ ಆಕಾಶ ಎಲ್ಲರಿಗೂ ಮುಚ್ಚಿದ್ದರೆ ಸೋಲೂ ಸಮನಾಗಿರುತ್ತಿತ್ತು. ಹಾಗಾಗಲಿಲ್ಲ. ಚೀನಾದ ಕಂಪನಿಗಳು ರಷ್ಯಾದ ಮೇಲೆ ಈಗಲೂ ಹಾರುತ್ತವೆ. ಲಂಡನ್‌ನಿಂದ ಚೀನಾದ ಒಂದೇ ಊರಿಗೆ ಒಬ್ಬ ನೆಟ್ಟಗೆ ಹೋಗುವಾಗ ಇನ್ನೊಬ್ಬ ಸುತ್ತುಬಳಸಿ ಹೋಗಿ ಅದೇ ದರಕ್ಕೆ ಟಿಕೆಟ್ ಮಾರಬೇಕು. ವರ್ಜಿನ್ ಅಟ್ಲಾಂಟಿಕ್ 2022ರಲ್ಲಿ ಹಾಂಗ್‌ಕಾಂಗ್ ಬಿಟ್ಟಿತು, 2024ರ ಅಕ್ಟೋಬರ್‌ನಲ್ಲಿ ಶಾಂಘೈಯನ್ನೂ ಬಿಟ್ಟಿತು. ಅದೇ ತಿಂಗಳು ಬ್ರಿಟಿಷ್ ಏರ್‌ವೇಸ್ ಬೀಜಿಂಗ್ ಹಾರಾಟವನ್ನು ಅಮಾನತಿನಲ್ಲಿಟ್ಟಿತು. ಅಮೆರಿಕದ ಯುನೈಟೆಡ್ ಕಂಪನಿ 2022ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ದೆಹಲಿ, ನೆವಾರ್ಕ್–ಮುಂಬಯಿ ಸೇವೆಗಳನ್ನು ನಿಲ್ಲಿಸಿತು. ಬೆಂಗಳೂರಿಗೆ ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದಲೂ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದಲೂ ಬರುವುದಾಗಿ 2020ರಲ್ಲಿ ಘೋಷಿಸಿದ್ದವು. ಐಟಿ ಮಂದಿ ಸಂಭ್ರಮಿಸಿದ್ದೂ ಉಂಟು. ಕೋವಿಡ್ ಅಡ್ಡ ಬಂತು, ಮುಂದೂಡುತ್ತಲೇ ಹೋದವು, ಅಷ್ಟರಲ್ಲಿ ರಷ್ಯಾದ ಆಕಾಶವೂ ಮುಚ್ಚಿತು. ಎರಡರಲ್ಲಿ ಒಂದೂ ಹಾರಲಿಲ್ಲ.

ಏರ್ ಇಂಡಿಯಾಕ್ಕೆ ರಷ್ಯಾ ತೆರೆದೇ ಇತ್ತು, ಅದು ದೊಡ್ಡ ಅನುಕೂಲ. ಆದರೆ ಆ ದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ಇಳಿಯುವುದು ಎಲ್ಲಿ? 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಆ ಪುಟ್ಟ ಊರಿನಲ್ಲಿ ಉಳಿದರು, ಕರೆದೊಯ್ಯಲು ಭಾರತದಿಂದ ಇನ್ನೊಂದು ವಿಮಾನ ಹೋಗಬೇಕಾಯಿತು. ಎರಡು ಎಂಜಿನ್ನಿನ ವಿಮಾನ ತುರ್ತಿನಲ್ಲಿ ಇಳಿಯಬಲ್ಲ ನಿಲ್ದಾಣದಿಂದ ಇಂತಿಷ್ಟೇ ನಿಮಿಷದ ದೂರದಲ್ಲಿರಬೇಕೆಂಬ ನಿಯಮವಿದೆ. ಆ ನಿಲ್ದಾಣ ಯಾವ ದೇಶದ್ದು, ಅಲ್ಲಿ ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಲೆಕ್ಕಿಸಬೇಕಾದದ್ದು ಕಂಪನಿಯೇ.

2025ರಲ್ಲಿ ಈ ಲೆಕ್ಕಗಳೆಲ್ಲ ಏರ್ ಇಂಡಿಯಾದ ಮೇಲೆ ಒಟ್ಟಿಗೆ ಎರಗಿದವು. ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಪಶ್ಚಿಮಕ್ಕೆ ಹೋಗುವ ದೆಹಲಿಯ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಬಳಸತೊಡಗಿದವು. ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಂಬಯಿಗೆ ಬರುವ ವಿಮಾನ ಕೋಲ್ಕತ್ತಾದಲ್ಲಿ ಇಳಿದು ಬರತೊಡಗಿತು, ವಾಷಿಂಗ್ಟನ್ನಿನ ವಿಮಾನ ವಿಯೆನ್ನಾದಲ್ಲಿ. ಇಂಧನಕ್ಕಾಗಿ ಇಳಿದರೆ ನಿಲ್ದಾಣದ ಶುಲ್ಕ ಕಟ್ಟಬೇಕು. ಪೈಲಟ್‌ಗಳ ಕೆಲಸದ ಗಂಟೆಗೆ ಕಾನೂನಿನ ಮಿತಿಯಿರುವುದರಿಂದ ಅಲ್ಲಿ ಹೊಸ ತಂಡವನ್ನೂ ಇಟ್ಟಿರಬೇಕಾಗಬಹುದು. ನೇರ ಹಾರಾಟವೆಂದು ಹೆಚ್ಚು ದುಡ್ಡು ಕೊಟ್ಟಿದ್ದ ಪ್ರಯಾಣಿಕ ‘ಇದಕ್ಕಿಂತ ದುಬೈ ಮೇಲೆ ಹೋಗಿದ್ದರೆ?’ ಎಂದು ಯೋಚಿಸತೊಡಗುತ್ತಾನೆ. ಅದರ ಜೊತೆಗೆ ಆ ಜುಲೈನಲ್ಲಿ ಕಂಪನಿ ತನ್ನ 26 ಬೋಯಿಂಗ್ 787-8 ವಿಮಾನಗಳ ಒಳಾಂಗಣ ನವೀಕರಣಕ್ಕೆ ಕೈಹಾಕಿತ್ತು. ಸರದಿಯಂತೆ ಕೆಲವು ವಿಮಾನಗಳು ಹಾರಾಟದಿಂದ ಹೊರಗುಳಿಯಲೇಬೇಕು. ಕೈಯಲ್ಲಿ ವಿಮಾನಗಳು ಕಡಿಮೆ, ಪ್ರತಿ ವಿಮಾನವೂ ಹಿಂದಿಗಿಂತ ಹೆಚ್ಚು ಗಂಟೆ ಆಕಾಶದಲ್ಲಿ. ಎಲ್ಲಾದರೂ ಕತ್ತರಿ ಬೀಳಲೇಬೇಕಿತ್ತು. ದೆಹಲಿ–ವಾಷಿಂಗ್ಟನ್ ಸೇವೆ ಸೆಪ್ಟೆಂಬರ್ 1ರಿಂದ ನಿಂತಿತು.

ಇಂಥ ತೀರ್ಮಾನವನ್ನು ಕಂಪನಿಯ ಅಸಡ್ಡೆ ಎಂದು ಬೈಯುವುದು ಸುಲಭ, ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಯಂತ್ರ ಬದಲಾದರೆ ತೀರ್ಮಾನವೂ ಬದಲಾಗುತ್ತದೆ ಎಂಬುದಕ್ಕೆ ಸಿಂಗಪುರದ ಮುಂದಿನ ಕಥೆಯೇ ಸಾಕ್ಷಿ. 2018ರ ಅಕ್ಟೋಬರ್‌ನಲ್ಲಿ ನೆವಾರ್ಕ್ ಸೇವೆ ಮತ್ತೆ ಶುರುವಾಯಿತು. ಈ ಬಾರಿ ವಿಮಾನ ಎ350-900ಯುಎಲ್‌ಆರ್: ಎರಡೇ ಎಂಜಿನ್, ಇಂಗಾಲದ ಎಳೆಗಳಿಂದ ಹೆಣೆದ ಹಗುರ ಮೈ, 1,65,000 ಲೀಟರ್ ಇಂಧನ. ಹಳೆಯ ಎ340-500 ಹೊರುತ್ತಿದ್ದುದು ಎರಡು ಲಕ್ಷ ಲೀಟರಿಗೂ ಹೆಚ್ಚು. ಸೀಟು 100ರಿಂದ 161ಕ್ಕೆ ಏರಿತು, 67 ಬಿಸಿನೆಸ್, ಉಳಿದವು ಪ್ರೀಮಿಯಂ ಎಕಾನಮಿ. ಸಾಮಾನ್ಯ ಎಕಾನಮಿ ಸೀಟು ಅದರಲ್ಲಿ ಒಂದೂ ಇಲ್ಲ.