ವೇಗ ಅಳೆದವರು ಅಳತೆ ತೋರಿಸಲಿ

ಹೆಲ್ಮೆಟ್ ಇಲ್ಲದ ತಲೆ ಫೋಟೊದಲ್ಲಿ ಕಾಣುತ್ತದೆ. ಕೆಂಪು ದೀಪ ದಾಟಿದ ಬೈಕೂ ಕಾಣುತ್ತದೆ. ವೇಗ ಮಾತ್ರ ಕಾಣುವುದಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಕಾರಿನ ಚಿತ್ರವನ್ನೂ 120ರಲ್ಲಿ ಓಡುವ ಅದೇ ಕಾರಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಯಾರೂ ಹೇಳಲಾರರು. ಹಾಗಾಗಿ ಓವರ್ ಸ್ಪೀಡ್ ಎಂಬ ಆರೋಪದ ಇಡೀ ಭಾರ ಚಿತ್ರದ ಮೂಲೆಯಲ್ಲಿ ಅಚ್ಚಾದ ಒಂದು ಅಂಕಿಯ ಮೇಲಿರುತ್ತದೆ. ನಮ್ಮ ಕಾನೂನಿಗೆ ಈ ಸಂಗತಿ ಚೆನ್ನಾಗಿ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಅತಿವೇಗಕ್ಕೆ ದಂಡ ಹೇಳುತ್ತದೆ. ಅದೇ ಸೆಕ್ಷನ್ನಿನ ಮೂರನೇ ಉಪಕಲಮು, ಒಬ್ಬ ಸಾಕ್ಷಿಯ ಅಂದಾಜನ್ನಷ್ಟೇ ನಂಬಿ ಯಾರನ್ನೂ ಅತಿವೇಗದ ತಪ್ಪಿತಸ್ಥರೆಂದು ತೀರ್ಮಾನಿಸುವಂತಿಲ್ಲ, ಆ ಅಂದಾಜಿಗೆ ಯಾಂತ್ರಿಕ ಸಾಧನದ ಆಧಾರ ಇರಬೇಕು ಎನ್ನುತ್ತದೆ. 2019ರ ತಿದ್ದುಪಡಿ ಇದಕ್ಕೆ ವಿದ್ಯುನ್ಮಾನ ಸಾಧನವನ್ನೂ ಸೇರಿಸಿತು. ‘ಗಾಡಿ ಜೋರಾಗಿ ಬರ್ತಿತ್ತು, ನಾನೇ ನೋಡಿದೆ’ ಎಂಬ ಪೊಲೀಸರ ಮಾತೊಂದೇ ಇದ್ದರೆ ಕೇಸು ನಿಲ್ಲುವುದಿಲ್ಲ. ಅಳತೆ ಬೇಕು. ಅಳತೆ ಎಂದ ಮೇಲೆ ಅಳೆದ ಸಾಧನ ಯಾವುದು, ಅದು ಸರಿಯಿತ್ತೇ, ಅದು ಅಳೆದದ್ದು ಈ ಗಾಡಿಯನ್ನೇ ಎಂದು ಕೇಳುವ ಹಕ್ಕೂ ಜೊತೆಗೇ ಬರುತ್ತದೆ.

ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆ. ರಾಡಾರ್ ಗನ್ ರೇಡಿಯೊ ಅಲೆಗಳನ್ನು ಬಿಟ್ಟು, ಗಾಡಿಗೆ ತಾಗಿ ಹಿಂದಿರುಗಿದ ಅಲೆಯ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ಲೆಕ್ಕ ಹಾಕುತ್ತದೆ. ಅದರ ಕಿರಣ ದೂರ ಹೋದಂತೆ ಅಗಲವಾಗುತ್ತದೆ. ನಿಮ್ಮ ಸಣ್ಣ ಕಾರಿನ ಹಿಂದೆ ದೊಡ್ಡ ಬಸ್ಸೊಂದು ನುಗ್ಗಿ ಬರುತ್ತಿದ್ದರೆ ಗನ್ನಿಗೆ ಮರಳುವ ಬಲವಾದ ಪ್ರತಿಫಲನ ಬಸ್ಸಿನದ್ದಾಗಿರಬಹುದು. ಲೇಸರ್ ಗನ್ನಿನ ಕಿರಣ ಕಿರಿದು, ಗಾಡಿ ಆರಿಸುವುದರಲ್ಲಿ ನಿಖರ. ಆದರೆ ಹಿಡಿದ ಕೈ ಅಲುಗಿ ಕಿರಣ ಗಾಡಿಯ ಮೈಮೇಲೆ ಜಾರಿದರೆ ದೂರದ ಲೆಕ್ಕವೇ ತಪ್ಪಬಹುದು. ಮೂರನೆಯದು ಎರಡು ಕ್ಯಾಮೆರಾಗಳ ನಡುವಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸುವ ಸರಾಸರಿ ವೇಗದ ಪದ್ಧತಿ. ಅಲ್ಲಿ ಎರಡೂ ಕಡೆಯ ಗಡಿಯಾರ ಒಂದೇ ಸಮಯ ತೋರಿಸದಿದ್ದರೆ ಎಲ್ಲವೂ ಹಾಳು. ಎಲ್ಲ ತಪ್ಪುಗಳೂ ಚಾಲಕನಿಗೆ ವಿರುದ್ಧವಾಗಿಯೇ ಇರುತ್ತವೆ ಎಂದೇನಿಲ್ಲ. ರಾಡಾರ್ ಹಿಡಿದವರು ರಸ್ತೆಗೆ ಓರೆಯಾಗಿ ನಿಂತಷ್ಟೂ ಅದು ನಿಜಕ್ಕಿಂತ ಕಡಿಮೆ ವೇಗವನ್ನೇ ತೋರಿಸುತ್ತದೆ. ಆ ವಾದ ಹಿಡಿದು ಕೋರ್ಟಿಗೆ ಹೋದವರಿಗೆ ಲಾಭವಿಲ್ಲ.

ಯಂತ್ರ ತಪ್ಪುತ್ತದೆಯೇ ಎಂಬುದಕ್ಕೆ ಹೊರದೇಶಗಳ ಎರಡು ಪ್ರಕರಣ ಸಾಕು. 2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ವೆಸ್ಟರ್ನ್ ರಿಂಗ್ ರೋಡಿನ ಕ್ಯಾಮೆರಾ ಒಂದು ಹಳೆಯ ಡಾಟ್ಸನ್ 120ವೈ ಕಾರು ಗಂಟೆಗೆ 158 ಕಿಲೋಮೀಟರ್ ವೇಗದಲ್ಲಿ ಹೋಯಿತೆಂದು ದಾಖಲಿಸಿತು. ಪರೀಕ್ಷಿಸಿ ನೋಡಿದರೆ ಆ ಕಾರು ಎಷ್ಟು ಒತ್ತಿದರೂ 117ರ ಆಸುಪಾಸಿಗಿಂತ ಮುಂದೆ ಹೋಗಲೊಲ್ಲದು. ಒಂದು ಕಾರಿನ ತಕರಾರು ಬಿಚ್ಚಿದ ಎಳೆ ಹಿಡಿದು ತನಿಖೆ ನಡೆದು, ಕೊನೆಗೆ ವಿಕ್ಟೋರಿಯಾ ಸರಕಾರ ಆ ರಸ್ತೆಯ ದಂಡಗಳನ್ನು ದೊಡ್ಡ ಸಂಖ್ಯೆಯಲ್ಲಿ ರದ್ದು ಮಾಡಿ ಹಣ ಹಿಂದಿರುಗಿಸಬೇಕಾಯಿತು. ಅಮೆರಿಕದ ಬಾಲ್ಟಿಮೋರಿನದು ಇನ್ನೂ ವಿಚಿತ್ರ. 2012ರಲ್ಲಿ ಅಲ್ಲಿನ ‘ಬಾಲ್ಟಿಮೋರ್ ಸನ್’ ಪತ್ರಿಕೆ ಕ್ಯಾಮೆರಾ ನೋಟಿಸುಗಳ ಬೆನ್ನು ಹತ್ತಿದಾಗ, ಕೆಂಪು ದೀಪದ ಮುಂದೆ ಬ್ರೇಕ್ ಹಾಕಿ ನಿಂತಿದ್ದ ಕಾರಿಗೂ ಗಂಟೆಗೆ 38 ಮೈಲಿ ವೇಗದ ನೋಟಿಸು ಹೋಗಿದ್ದು ಬಯಲಾಯಿತು. ಮರುವರ್ಷ ನಗರದ ಆಡಳಿತ ಕ್ಯಾಮೆರಾಗಳನ್ನೇ ನಿಲ್ಲಿಸಿತು.

ಬಾಲ್ಟಿಮೋರಿನಲ್ಲಿ ತಪ್ಪು ಹಿಡಿದ ವಿಧಾನ ಹೈಸ್ಕೂಲಿನ ಗಣಿತ, ನಮ್ಮವರಿಗೂ ಉಪಯುಕ್ತ. ಅನೇಕ ಕ್ಯಾಮೆರಾಗಳು ಒಂದರ ಹಿಂದೊಂದು ಎರಡು ಚಿತ್ರ ತೆಗೆದು ಎರಡರ ಮೇಲೂ ಸಮಯ ಅಚ್ಚು ಹಾಕುತ್ತವೆ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಎರಡು ಚಿತ್ರಗಳ ನಡುವೆ ಅರ್ಧ ಸೆಕೆಂಡ್ ಕಳೆದಿದ್ದು, ರಸ್ತೆಯ ಬಿಳಿ ಪಟ್ಟಿಗಳನ್ನೋ ವಿದ್ಯುತ್ ಕಂಬಗಳನ್ನೋ ಗುರುತಾಗಿಟ್ಟುಕೊಂಡು ನೋಡಿದಾಗ ಗಾಡಿ 10 ಮೀಟರ್ ಮಾತ್ರ ಸರಿದಿದ್ದರೆ ಅದರ ವೇಗ 72. ಮೂಲೆಯಲ್ಲಿ 115 ಎಂದು ಬರೆದಿದ್ದರೆ ಗಾಡಿ ಅಷ್ಟೇ ಹೊತ್ತಿನಲ್ಲಿ 16 ಮೀಟರ್ ಸರಿದಿರಬೇಕಿತ್ತು. ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆದರೆ ತೀರ್ಮಾನವಾಗುವ ವಿಷಯ ಇದು, ಅಭಿಪ್ರಾಯಭೇದಕ್ಕೆ ಎಡೆಯೇ ಇಲ್ಲ. ಅದಕ್ಕೇ ‘ಚಿತ್ರಗಳನ್ನು ಪೂರ್ತಿ ಕೊಡಿ’ ಎಂಬ ಬೇಡಿಕೆ ಮೊದಲು ಬರಬೇಕು.

ಕೊಡಬೇಕೆಂದು ನಿಯಮವೂ ಇದೆ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮ, ಕ್ಯಾಮೆರಾ ಹಿಡಿದ ಉಲ್ಲಂಘನೆಗೆ ನೋಟಿಸು 15 ದಿನದೊಳಗೆ ಹೊರಡಬೇಕು ಎಂದಿತು. ಜೊತೆಗೆ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ಸಾಧನದ ಅಳತೆ, ದಿನ, ಸಮಯ, ಸ್ಥಳ ಮತ್ತು ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. (ಆಗ ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63.) ಸಾಧನಕ್ಕೆ ವರ್ಷವರ್ಷ ನವೀಕರಿಸುವ ಅನುಮೋದನೆ ಬೇಕು, ಇಲ್ಲಿ ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣಬೇಕು. 2025ರ ಏಪ್ರಿಲಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ವೇಗ ಅಳೆಯುವ ರಾಡಾರುಗಳನ್ನೂ ಕಾನೂನು ಮಾಪನಶಾಸ್ತ್ರದ ನಿಯಮಗಳಡಿ ತಂದು, ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಮೇಲೆಯೇ ಬಳಸಬೇಕೆಂದಿತು. ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುವುದು ಇದೇ ಕಾನೂನು. ಅರ್ಧ ಕಿಲೋ ಬೇಳೆ ತೂಗುವವನಿಗೆ ಎಂದಿನಿಂದಲೋ ಇದ್ದ ಕಟ್ಟುಪಾಡು, ದಂಡ ವಿಧಿಸುವ ಯಂತ್ರಕ್ಕೆ ಇಷ್ಟು ತಡವಾಗಿ ಬಂತೆಂಬುದು ಸೋಜಿಗವೇ.

ಭಾರತದಲ್ಲಿ ತಪ್ಪಿಗೆ ಇನ್ನೊಂದು ಮೂಲವೂ ಇದೆ. ಗನ್ ಸರಿಯಾಗಿಯೇ ಅಳೆದಿರುತ್ತದೆ, ಗಾಡಿ ಬೇರೆಯವರದ್ದು. ಮಣ್ಣು ಮೆತ್ತಿದ ಪ್ಲೇಟಿನಲ್ಲಿ ಯಂತ್ರ 3 ಅನ್ನು 8 ಎಂದು ಓದಬಹುದು. ಯಾರೋ ನಿಮ್ಮ ನಂಬರಿನ ನಕಲಿ ಪ್ಲೇಟು ಹಾಕಿಕೊಂಡು ತಿರುಗುತ್ತಿರಬಹುದು. ಆದ್ದರಿಂದ ಚಲನ್ ಬಂದಾಗ ಅಂಕಿಗಿಂತ ಮೊದಲು ಚಿತ್ರದ ಗಾಡಿ ನೋಡಬೇಕು: ಬಣ್ಣ, ಮಾಡೆಲ್, ಗಾಜಿನ ಮೇಲಿನ ಸ್ಟಿಕರ್. ನಕಲಿ ಪ್ಲೇಟಿನ ಅನುಮಾನವಿದ್ದರೆ ಠಾಣೆಯಲ್ಲಿ ಬೇರೆಯೇ ದೂರು ಕೊಡಬೇಕು, ಇಲ್ಲವಾದರೆ ನಾಳೆ ಆ ಗಾಡಿ ಯಾರಿಗಾದರೂ ಗುದ್ದಿ ಓಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ತಕರಾರನ್ನು ಲಿಖಿತವಾಗಿ, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ, ಅದು ತೋರಿಸಿದ ದಾರಿಯಲ್ಲೇ ಸಲ್ಲಿಸಬೇಕು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಆದರೆ ಹಣ ಕಟ್ಟಿಬಿಟ್ಟರೆ ಪ್ರಕರಣ ರಾಜಿಯಾಗಿ ಮುಗಿದಂತೆ, ಆಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. ನಿಮ್ಮ ಕಡೆಯ ಪುರಾವೆಯಲ್ಲಿ ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್ ಬಲವಾದದ್ದು. 80ಕ್ಕೆ ಕಟ್ಟುಹಾಕಿದ ವೇಗ ನಿಯಂತ್ರಕ ಇರುವ ಲಾರಿಗೆ 110ರ ಚಲನ್ ಬಂದರೆ ಆ ಸಾಧನದ ಪ್ರಮಾಣಪತ್ರವೇ ಮುಖ್ಯ ಸಾಕ್ಷಿಯಾದೀತು. ಫಾಸ್ಟ್ಯಾಗ್ ಸಮಯವನ್ನು ಮಾತ್ರ ಅತಿಯಾಗಿ ನಂಬಬೇಡಿ. ಎರಡು ಟೋಲ್‌ಗಳ ನಡುವೆ ಸರಾಸರಿ 75 ಇದ್ದ ಗಾಡಿ ನಡುವೆ ಒಂದು ಕಡೆ 120 ಮುಟ್ಟಿರುವುದು ಸಾಧ್ಯ.

ಇಷ್ಟೆಲ್ಲ ಕೇಳಿದ ಮೇಲೆ ಏಳುವ ಆಕ್ಷೇಪ ಹಗುರವಾದದ್ದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 70ಕ್ಕೂ ಹೆಚ್ಚು ಸಾವುಗಳಿಗೆ ಕಾರಣವೆಂದು ದಾಖಲಾದದ್ದು ಅತಿವೇಗ. ಇಂಥಲ್ಲಿ ಪ್ರಮಾಣಪತ್ರ, ಮುದ್ರೆ, ಗಡುವು ಎಂದು ಎಳೆದಾಡಿದರೆ ನಿಜವಾದ ತಪ್ಪಿತಸ್ಥರೂ ಅದೇ ಕಿಂಡಿಯಲ್ಲಿ ನುಸುಳುವುದಿಲ್ಲವೇ? ಕೆಲವರು ನುಸುಳುತ್ತಾರೆ, ನಿಜ. ಆದರೆ ಅವರು ನುಸುಳುವುದು ಮುದ್ರೆ ಇಲ್ಲದ ಯಂತ್ರ ಬಳಸಿದಾಗ, ಮುದ್ರೆ ಇರುವುದನ್ನು ಬಳಸಿದಾಗಲ್ಲ. ಸಾಧನ ಪರೀಕ್ಷಿಸಿ, ಕಾಗದ ಸರಿಯಾಗಿಟ್ಟ ಇಲಾಖೆಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕ್ಷಣದ ಕೆಲಸ. ಇನ್ನು ತಪ್ಪು ಚಲನ್ ಹೆಚ್ಚಿದಷ್ಟೂ ಜನ ಸರಿಯಾದ ಚಲನ್‌ಗಳನ್ನೂ ಲೂಟಿ ಎಂದೇ ಕರೆಯುತ್ತಾರೆ. ಬಾಲ್ಟಿಮೋರಿನಲ್ಲಿ ಕ್ಯಾಮೆರಾ ನಿಂತದ್ದು ವೇಗದ ಚಾಲಕರ ಹೋರಾಟದಿಂದಲ್ಲ, ಕ್ಯಾಮೆರಾಗಳ ಸುಳ್ಳಿನಿಂದ. ಜೀವ ಉಳಿಸುವ ಸಾಧನ ಹಾಗೆ ಮನೆಗೆ ಹೋಗಬಾರದೆನ್ನುವವರೇ ಅದರ ನಿಖರತೆಗೆ ಮೊದಲು ಪಟ್ಟು ಹಿಡಿಯಬೇಕು.

ಕಾರಿನ ದಂಡ ಒಂದೆರಡು ಸಾವಿರ ರೂಪಾಯಿ, ಅದಕ್ಕಾಗಿ ಕೋರ್ಟು ಅಲೆಯುವುದೇ ಎಂಬುದು ಎರಡನೆಯ ಮಾತು. ದಿನಗೂಲಿ ಕಳೆದುಕೊಳ್ಳುವ ಚಾಲಕನಿಗೆ ಅದು ಸರಿಯಾದ ಲೆಕ್ಕವೇ, ಅವನನ್ನು ದೂರುವಂತಿಲ್ಲ. ಆದರೆ ಕರ್ನಾಟಕದಲ್ಲಿ ವಿಷಯ ಈಗ ದಂಡಕ್ಕೇ ನಿಲ್ಲುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲೇ, ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದರು. ಅಷ್ಟು ವೇಗದಲ್ಲಿ ಓಡಿಸುವವರ ಮೇಲೆ ಕೇಸು ಬೀಳಲೇಬೇಕು, ನನ್ನ ತಕರಾರಿಲ್ಲ. ಆದರೆ 124ಕ್ಕೂ 131ಕ್ಕೂ ನಡುವೆ ಇರುವುದು ಇನ್ನು ಮುಂದೆ ಏಳು ಕಿಲೋಮೀಟರಲ್ಲ. ಪಾಸ್‌ಪೋರ್ಟ್ ಪರಿಶೀಲನೆಯ ವೇಳೆ, ಕೆಲಸದ ಅರ್ಜಿಯಲ್ಲಿ ಎದುರಾಗುವ ಕ್ರಿಮಿನಲ್ ಪ್ರಕರಣ. ಯಂತ್ರದ ತಪ್ಪಿನ ಮಿತಿ ಎಷ್ಟು, ಅದನ್ನು ಕಳೆದು ಕೇಸು ಹಾಕಿದರೇ ಎಂಬ ಪ್ರಶ್ನೆ ಅಲ್ಲಿ ಎಳೆದಾಟವಾಗುವುದಿಲ್ಲ.

ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವ ಪದ್ಧತಿ 2023ರ ಫೆಬ್ರವರಿಯಿಂದ ನಮ್ಮಲ್ಲಿ ಆಗಾಗ ಮರುಕಳಿಸುತ್ತಿದೆ. ಬಾಕಿ ವಸೂಲಿಗೆ ಅದು ಒಳ್ಳೆಯ ಉಪಾಯ, ಜನ ಸಾಲುಗಟ್ಟಿ ಕಟ್ಟುತ್ತಾರೆ. ತಪ್ಪು ಮಾಡದವರೂ ‘ಅರ್ಧಕ್ಕೆ ಮುಗೀತಲ್ಲ’ ಎಂದು ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಯಂತ್ರದ ದೋಷವೂ ಅವರ ಹಣದೊಂದಿಗೆ ಖಜಾನೆ ಸೇರಿ ಮರೆಯಾಗುತ್ತದೆ. ಪ್ರತಿ ರಿಯಾಯಿತಿಯ ಕೊನೆಗೆ ಎಷ್ಟು ಕೋಟಿ ಬಂತೆಂದು ಪೊಲೀಸರು ಹೇಳುತ್ತಾರೆ. ಅದರ ಪಕ್ಕದಲ್ಲೇ ತಕರಾರು ಬಂದ ಚಲನ್‌ಗಳೆಷ್ಟು, ರದ್ದಾದವೆಷ್ಟು, ಯಾವ ಕ್ಯಾಮೆರಾದವು ಎಂಬ ಮೂರು ಸಾಲುಗಳನ್ನೂ ಪ್ರಕಟಿಸಿದರೆ ಯಾವ ಕಂಬದ ಯಂತ್ರವನ್ನು ಇಳಿಸಿ ರಿಪೇರಿಗೆ ಕಳಿಸಬೇಕೆಂದು ಅವರಿಗೇ ಮೊದಲು ತಿಳಿಯುತ್ತದೆ.